ಅಡ್ಡಕ್ಕೆ ಕತ್ತರಿಸಿದ ಕಾದಂಬರಿ

ಪುಸ್ತಕ ಎರವಲು ಕೊಡುವ ವಿಷಯದಲ್ಲಿ ನಾನು ಮಹಾ ಜಿಪುಣಿ. ಸಕ್ಕರೆ ಕೇಳಿದರೆ ಲೋಟ ತುಂಬ ಕೊಡುತ್ತೇನೆ. ಕುಕ್ಕರಿನ ರಬ್ಬರ್ ಕೇಳಿದರೆ ನನ್ನದನ್ನೇ ಬಿಚ್ಚಿ ಕೊಡುತ್ತೇನೆ. ಪುಸ್ತಕ ಎಂದ ಕೂಡಲೇ ನನ್ನ ಕಿವಿ ಮಂದವಾಗುತ್ತದೆ. ಕುವೈತಿನಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ, ಕಳೆದರೆ ಮತ್ತೆ ಯಾರಿಂದ ತರಿಸುವುದು ಎಂಬುದು ನಾನು ಎಲ್ಲರಿಗೂ ಹೇಳುವ ಸಬೂಬು. ಒಳಗಿನ ಮಾತು ಬೇರೆ. ನಾನು ಕನ್ನಡ ಎಂ.ಎ. ಮಾಡಿದವಳು. ಫರ್ವಾನಿಯಾದ ಈ ಏಳು ಮಹಡಿಯ ಬಿಲ್ಡಿಂಗಿನಲ್ಲಿ ದಪ್ಪ ಕಾದಂಬರಿ ಓದುವವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಹದಿನೈದು ವರ್ಷ ಅಡುಗೆಮನೆಯಲ್ಲಿ ಬೆಂದರೂ ಅದು ಕರಗಿರಲಿಲ್ಲ.

ಆ ಕಾದಂಬರಿಗೆ ನಾನು ಎರಡು ವರ್ಷ ಕಾದಿದ್ದೆ. ಒಂಬೈನೂರು ಪುಟ. ಊರಿನಿಂದ ಬರುವವರ ಬ್ಯಾಗಿನಲ್ಲಿ ಹಪ್ಪಳಕ್ಕೆ ಜಾಗ ಸಿಗುತ್ತದೆ, ಮಿಡಿ ಉಪ್ಪಿನಕಾಯಿಗೆ ಸಿಗುತ್ತದೆ, ಪುಸ್ತಕಕ್ಕೆ ಮಾತ್ರ ಸಿಗುವುದಿಲ್ಲ. ಕೊನೆಗೆ ನಾದಿನಿ ಕೈಚೀಲದಲ್ಲಿ ಹೊತ್ತು ತಂದಳು. "ಇದರ ತೂಕಕ್ಕೆ ಎರಡು ಕಿಲೋ ಕುಚ್ಚಲಕ್ಕಿ ಬರ್ತಿತ್ತು ಅತ್ತಿಗೆ," ಎಂದು ಗೊಣಗುತ್ತ ಮೇಜಿನ ಮೇಲೆ ದೊಪ್ಪನೆ ಇಟ್ಟಳು.

ಏಳು ಕಥೆಗಳು, ಒಂದು ಬಾವಿ. ಮೊದಲ ಕಥೆಯಲ್ಲಿ ಬಾವಿ ತೋಡುವ ಯುವಕನೊಬ್ಬ ಬರಗಾಲದ ಊರಿಗೆ ಬರುತ್ತಾನೆ. ವಾರಗಟ್ಟಲೆ ಅಗೆಯುತ್ತಾನೆ. ನೀರು ಸಿಗುವುದಿಲ್ಲ. ಊರವರಿಗೆ ಮುಖ ತೋರಿಸಲಾಗದೆ ಒಂದು ನಸುಕಿನಲ್ಲಿ ಗುದ್ದಲಿ ಹೆಗಲಿಗೇರಿಸಿ ಹೊರಟುಹೋಗುತ್ತಾನೆ. ಅವನು ಗಡಿ ದಾಟಿದ ಮೇಲೆ ಬಾವಿಯ ತಳದಲ್ಲಿ ಒರತೆ ಒಡೆಯುತ್ತದೆ. ಅದು ಅವನಿಗೆ ಗೊತ್ತಾಗುವುದಿಲ್ಲ. ಮುಂದಿನ ಕಥೆಗಳೆಲ್ಲ ಆ ನೀರು ಕುಡಿದವರವು. ಒಂದು ಕಥೆಯಲ್ಲಿ ದಾರಿ ಕೇಳಿ ಮುಂದೆ ಹೋಗುವವನು ಇನ್ನೊಂದು ಕಥೆಯ ಯಜಮಾನ. ನೀರು ಯಾರದು, ಅಗೆದವನದೋ ಬಾಯಾರಿದವನದೋ ಎಂದು ಒಬ್ಬರು ಕೇಳಿದರೆ, ನಿನ್ನೆ ಸೇದಿದ ಬಾವಿಯೂ ಇವತ್ತಿನ ಬಾವಿಯೂ ಒಂದೇ ಹೌದೋ ಎಂದು ಇನ್ನೊಬ್ಬರು ಕೇಳುತ್ತಾರೆ. ಉತ್ತರ ಸಿಗುವ ಮೊದಲೇ ಕೊಡ ತುಂಬಿರುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ.

ನಾನು ಮೂರು ಕಥೆ ಮುಗಿಸಿದ್ದೆ. ಆಗ ನಾಲ್ಕನೇ ಮಹಡಿಯವಳು ಅದನ್ನು ನೋಡಿದಳು.

ಅವಳು ಬ್ಯಾರಿಗಳ ಹೆಣ್ಣು, ನನಗಿಂತ ಏಳೆಂಟು ವರ್ಷ ಸಣ್ಣವಳು, ನನ್ನ ಮನೆಯ ನೇರ ಮೇಲಿನ ಫ್ಲ್ಯಾಟಿನವಳು. ಗಂಡ ಮಿರ್ಕಾಬ್ ಪೇಟೆಯ ಒಂದು ಬಟ್ಟೆಯಂಗಡಿಯಲ್ಲಿ. ಇವಳು ಮನೆಯಲ್ಲೇ ಬ್ಲೌಸು, ಅಬಾಯಾ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಮಿಷನ್ನಿನ ಸದ್ದು ನನ್ನ ಹಾಲಿನ ಸೀಲಿಂಗಿನಿಂದ ಇಳಿದು ಬರುತ್ತಿತ್ತು. ಒಂಬತ್ತು ವರ್ಷದ ನೆರೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಪುಸ್ತಕ, ಪೇಪರು ಎದುರಿಗೆ ಬಂದರೆ ಮಾತ್ರ ಇಬ್ಬರೂ ತಾನಾಗಿ ಕನ್ನಡಕ್ಕೆ ತಿರುಗುತ್ತಿದ್ದೆವು. ಎಸ್ಸೆಸೆಲ್ಸಿವರೆಗೆ ಅವಳದು ಕನ್ನಡ ಮೀಡಿಯಂ. ಆಮೇಲೆ ಮದುವೆ.

"ಅಕ್ಕ, ಇದು ನನಗೂ ಓದ್ಲಿಕ್ಕೆ ಬೇಕು."

"ನನ್ನದು ಮುಗಿಯಲಿ ಮಾರಾಯ್ತಿ," ಎಂದೆ. ಇದು ನನಗೇ ಕಷ್ಟ, ನಿನಗೆ ಅರ್ಥ ಆಗ್ತದಾ ಎಂಬುದು ಬಾಯಿಯವರೆಗೆ ಬಂದಿತ್ತು. ಹೇಳಲಿಲ್ಲ. ಮುಖದಲ್ಲಿ ಕಂಡಿರಬೇಕು.

"ನೀವು ಓದಿ ಆದ ಭಾಗ ಕೊಡಿ. ಅಣ್ಣನ ಪ್ರೆಸ್ಸಿನಲ್ಲಿ ಕತ್ತರಿಸುವ ಮಿಷನ್ ಉಂಟಲ್ಲ? ಎರಡು ಮಾಡಿಸಿ. ನೀವು ಮುಂದೆ ಓದಿ, ನಾನು ಹಿಂದಿನಿಂದ ಬರ್ತೇನೆ."

ಇವರು, ಎಂದರೆ ನನ್ನ ಗಂಡ, ರಾಯ್ ಎಂಬ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ಪುಸ್ತಕ ಮಲಗಿ ಓದಲಾಗದಷ್ಟು ಭಾರ ಇತ್ತು, ನನ್ನ ಕೈ ನೋಯುತ್ತಿತ್ತು. ಎರವಲು ಕೊಟ್ಟ ಹಾಗೂ ಆಗಬಾರದು, ಕೊಡದ ಹಾಗೂ ಆಗಬಾರದು. ಒಪ್ಪಿದೆ. ನಾನು ಓದಿ ನಿಲ್ಲಿಸಿದಲ್ಲಿ ಒಂದು ಚೀಟಿ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಇವರ ಕೈಗೆ ಕೊಟ್ಟೆ.

ಆ ಪ್ರೆಸ್ಸಿನಲ್ಲಿ ದಿನವಿಡೀ ತಯಾರಾಗುವುದು ಅಂಗಡಿಗಳ ಬಿಲ್ ಬುಕ್. ಒಂದು ಹಾಳೆಯಲ್ಲಿ ಮೇಲೊಂದು ಕೆಳಗೊಂದು, ಎರಡು ಬಿಲ್ ಅಚ್ಚಾಗುತ್ತವೆ. ಹಾಳೆಗಳನ್ನು ಕಟ್ಟು ಮಾಡಿ ಹೊಲಿದು, ಮಿಷನ್ನಿನ ಕೆಳಗೆ ಇಟ್ಟು, ನಡುವಿಗೆ ಅಡ್ಡವಾಗಿ ಕತ್ತರಿಸಿದರೆ ಎರಡು ಬಿಲ್ ಬುಕ್. ಕತ್ತರಿಸುವ ಮಿಷನ್ನಿನ ಹಿರಿಯ ಭಾಯಿ ಇಪ್ಪತ್ತು ವರ್ಷದಿಂದ ಮಾಡಿದ್ದು ಇದೊಂದೇ ಕೆಲಸ. ಇವರು ಪುಸ್ತಕವನ್ನು ಆ ಮೇಜಿನ ಮೇಲೆ ಇಟ್ಟರು. ಅಷ್ಟರಲ್ಲಿ ಫೋನು ಬಂತು, ಹೊರಗೆ ಹೋದರು. ಭಾಯಿ ನೋಡಿದರು, ಕಟ್ಟಿದ ಒಂದು ಕಟ್ಟು ಇದೆ. ಬಿಲ್ ಬುಕ್ಕಿನ ಸಾಲಿನಲ್ಲೇ ಅದನ್ನೂ ಜಾರಿಸಿದರು. ಬ್ಲೇಡು ಇಳಿಯಿತು.

ಸಂಜೆ ಇವರು ಬಾಗಿಲಲ್ಲೇ ನಿಂತರು, ಹರಳೆಣ್ಣೆ ಕುಡಿದ ಮುಖ. ಚೀಲದಿಂದ ಎರಡು ಗಿಡ್ಡ ದಪ್ಪ ಪುಸ್ತಕ ತೆಗೆದರು. ಒಂದರಲ್ಲಿ ಒಂಬೈನೂರು ಪುಟಗಳ ಮೇಲಿನರ್ಧ. ಇನ್ನೊಂದರಲ್ಲಿ ಒಂಬೈನೂರು ಪುಟಗಳ ಕೆಳಗಿನರ್ಧ. ನನ್ನ ಚೀಟಿಯೂ ನಡುವಿಗೆ ತುಂಡಾಗಿ ಎರಡರಲ್ಲೂ ಇತ್ತು.

ಎರಡು ದಿನ ಇವರ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟರೆ ಇವರಿಗೆ ಸುಖ ಎಂದು ಗೊತ್ತಾಗಿ ಮೂರನೇ ದಿನ ಬೈದೆ. ಭಾಯಿ ಒಂದು ಡಬ್ಬಿ ಖರ್ಜೂರ ಕಳಿಸಿದರು. ಅದನ್ನೂ ಸಿಟ್ಟಿನಲ್ಲೇ ತಿಂದೆ.

ನಾಲ್ಕನೇ ಮಹಡಿಯವಳು ಬಂದು ನೋಡಿ, ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡ ಮೇಲೆ ಕೆಳಗಿನರ್ಧವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಮೇಲಿನ ಮನೆಯವಳಿಗೆ ಕೆಳಗಿನದ್ದು, ಕೆಳಗಿನ ಮನೆಯವರಿಗೆ ಮೇಲಿನದ್ದು. ಓದಿ ಅಕ್ಕ."

"ಎಂತ ಓದುವುದು?"

"ನಿಮ್ಮ ಅರ್ಧ ಓದಿ. ಅದು ಮುಗಿದಲ್ಲಿಂದ ನಾನು ಓದ್ತೇನೆ. ಮತ್ತೆ ಇಬ್ಬರೂ ಪುಟ ತಿರುಗಿಸುವ."

ಹೀಗೆ ಶುರುವಾಯಿತು. ಜನವರಿಯ ಚಳಿ, ಕಾಲಿಗೆ ಕಾಲುಚೀಲ, ಮಧ್ಯಾಹ್ನ ಮೂರು ಗಂಟೆ. ಅವಳ ಮಕ್ಕಳು ಟ್ಯೂಶನ್ನಿಗೆ ಹೋಗುವ, ನನ್ನ ಮಗಳು ಶಾಲೆಯಿಂದ ಬಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವ ಹೊತ್ತು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್. ಓದಲಂತೂ ಬರುವುದಿಲ್ಲ. ನಾವಿಬ್ಬರೂ ನನ್ನ ಹಾಲಿನ ಜಮಖಾನೆಯ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದೆವು. ಅವಳು ಒಂದಕ್ಷರವನ್ನೂ ಓದಿರದ ಕಾರಣ ನಾನು ಮತ್ತೆ ಮೊದಲಿನಿಂದ ಓದಬೇಕಾಯಿತು. ಮೊದಲ ವಾರ ಅದಕ್ಕೂ ಮುಖ ಊದಿಸಿಕೊಂಡಿದ್ದೆ.

ಪ್ರತಿ ಪುಟದಲ್ಲೂ ಒಂದು ಸಾಲು ಬ್ಲೇಡಿಗೆ ಬಲಿಯಾಗಿತ್ತು. ಅಕ್ಷರಗಳ ತಲೆಕಟ್ಟು ನನ್ನ ಕಡೆ, ಕಾಲು ಅವಳ ಕಡೆ. ಆ ಸಾಲು ಬಂದಾಗ ಎರಡೂ ಪುಸ್ತಕ ಅಂಟಿಸಿ ಹಿಡಿದು, ತಲೆಗೆ ತಲೆ ತಾಗಿಸಿ ನೋಡುತ್ತಿದ್ದೆವು. ಅವಳ ತಲೆಯಿಂದ ತೆಂಗಿನೆಣ್ಣೆಯ, ಬಟ್ಟೆಯ ಗಂಜಿಯ ವಾಸನೆ ಬರುತ್ತಿತ್ತು. ಒಂಬತ್ತು ವರ್ಷದ ನೆರೆಯಲ್ಲಿ ನಾನು ಅವಳಿಗೆ ಅಷ್ಟು ಹತ್ತಿರ ಕೂತದ್ದಿರಲಿಲ್ಲ.

ಅವಳು ನಿಧಾನಕ್ಕೆ ಓದುತ್ತಿದ್ದಳು, ತೋಳಿಗೆ ಕೈಹೊಲಿಗೆ ಹಾಕುವ ಹಾಗೆ. ನಾನು ಮೂರು ಸಾಲು ಹಾರುವಲ್ಲಿ ಅವಳು ಮೂರು ಸಲ ನಿಲ್ಲುತ್ತಿದ್ದಳು. ಎರಡನೇ ಕಥೆಯಲ್ಲಿ ಒಂದು ಕಡೆ, ದಾರಿಹೋಕ ಹೆಂಗಸೊಬ್ಬಳು ಬಾವಿಕಟ್ಟೆಗೆ ಬಂದು ನೀರು ಕೇಳಿ, ಬೊಗಸೆಯಲ್ಲಿ ಕುಡಿದು ಹೋಗುತ್ತಾಳೆ. ಎರಡೇ ಸಾಲು. ಮೊದಲ ಸಲ ಓದುವಾಗ ಆ ಹೆಂಗಸು ನನಗೆ ಕಂಡೇ ಇರಲಿಲ್ಲ. ಇವಳು ಪುಸ್ತಕ ಮಡಿಲಿಗಿಟ್ಟಳು.

"ಅಕ್ಕ, ಈ ಹೆಂಗಸಿನ ಕೊಡ ಎಲ್ಲಿ?"

"ಯಾವ ಕೊಡ?"

"ಕೊಡ ಇಲ್ಲದೆ ಬಾವಿಗೆ ಯಾರು ಬರ್ತಾರೆ? ಮನೆ ಇಲ್ಲದವಳು. ನೋಡಿ, ಇವಳು ಇನ್ನೊಮ್ಮೆ ಬರ್ತಾಳೆ."

ಆರನೇ ಕಥೆ ಪೂರ್ತಿ ಆ ಹೆಂಗಸಿನದೇ ಆಗಿತ್ತು. ಅಲ್ಲಿಗೆ ತಲುಪಿದ ದಿನ ಅವಳು ನನ್ನ ಕಡೆ ನೋಡಿ ಹುಬ್ಬು ಏರಿಸಿದಳು ಅಷ್ಟೆ. ನನ್ನ ಎಂ.ಎ. ಅವತ್ತು ಜಮಖಾನೆಯ ಮೇಲೆ ಮೂಗು ಕುಯ್ಯಿಸಿಕೊಂಡು ಬಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ರಂಜಾನ್ ಬಂದಾಗ, ಈ ತಿಂಗಳು ಬೇಡ, ಒಣ ಬಾಯಲ್ಲಿ ನೀರಿನ ಕಥೆ ಓದುವುದು ಹೇಗೆ ಎಂದೆ. "ಬಾಯಾರಿದಾಗಲೇ ಅಕ್ಕ ಇದು ಸರಿ ಗೊತ್ತಾಗುವುದು," ಎಂದಳು. ಬಾವಿಯಿಂದ ಮೊದಲ ಕೊಡ ಮೇಲೆ ಬರುವ ಪುಟವನ್ನು ಅವಳು ಉಪವಾಸದ ಗಂಟಲಿನಲ್ಲಿ ಓದಿದಳು. ಸ್ವರ ನಡುನಡುವೆ ಒಡೆಯುತ್ತಿತ್ತು. ನಾನೂ ಆ ಒಂದು ಗಂಟೆ ನೀರು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಹನಿಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಅದು ನಲ್ಲಿಯದೋ ಪುಸ್ತಕದ್ದೋ ಎಂದು ಹೇಳಲಾರದ ಹಾಗೆ ಕಿವಿ ಮಂಪರಾಗಿತ್ತು. ಆ ಸಂಜೆ ಅವಳು ಇವರ ಕೈಯಲ್ಲಿ ಒಂದು ಡಬ್ಬಿ ಸಮೋಸ ಕೊಟ್ಟಳು, ಪ್ರೆಸ್ಸಿನ ಭಾಯಿಯ ಇಫ್ತಾರಿಗೆ.

"ಅವರಿಗೆ ಹೇಳಬೇಕು ಅಣ್ಣ. ಅವರು ಅಡ್ಡಕ್ಕೆ ಕತ್ತರಿಸದಿದ್ದರೆ ನಾವು ಹೀಗೆ ಕೂತ್ಕೊಂಡು ಓದ್ತಿದ್ದೆವಾ? ಪಾಪ, ತಪ್ಪು ಮಾಡಿದೆ ಅಂತ್ಲೇ ಇರ್ತಾರೆ."

ಅವರ ಖರ್ಜೂರ ತಿಂದವಳು ನಾನು. ನನಗೆ ಅದು ಹೊಳೆದಿರಲಿಲ್ಲ.

ಬೇಸಿಗೆ ಬಂತು. ಮೇ ತಿಂಗಳಲ್ಲೇ ಟೆರೇಸಿನ ಟ್ಯಾಂಕಿನ ನೀರು ಕುದಿಯತೊಡಗುತ್ತದೆ. ಇಲ್ಲಿ ಬೇಸಿಗೆಯಲ್ಲಿ ನಾವು ಗೀಸರಿನ ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುತ್ತೇವೆ. ಗೀಸರ್ ಮನೆಯೊಳಗಿರುವುದರಿಂದ ಅದರೊಳಗಿನ ನೀರೇ ತುಸು ತಂಪು. ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಐದನೇ ಕಥೆಯ ಪಂಡಿತ ಬಾವಿಕಟ್ಟೆಯಲ್ಲಿ ಕೂತು, ಹೆಸರು ವಸ್ತುವಿನಲ್ಲಿದೆಯೋ ಕರೆಯುವವರ ಬಾಯಲ್ಲಿದೆಯೋ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. "ಅವನನ್ನು ಒಂದು ಬೇಸಿಗೆ ನಮ್ಮ ಬಾತ್‌ರೂಮಿಗೆ ಕಳಿಸಿ," ಎಂದಳು ಅವಳು.

ಧೂಳಿನ ದಿನಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿ, ಎದುರಿನ ಬಿಲ್ಡಿಂಗ್ ಕರಗಿಹೋಗಿ, ಕಿಟಕಿಯ ಸಂದಿಗೆ ತುರುಕಿದ ಒದ್ದೆ ಟವೆಲಿನಿಂದ ಮಣ್ಣಿನ ವಾಸನೆ ಬರುತ್ತಿತ್ತು. ಎ.ಸಿ. ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿತ್ತು. ನನ್ನ ಅರ್ಧ ಓದಿ ಕಣ್ಣು ಮುಚ್ಚಿದರೆ ಅವಳ ಸ್ವರ ದೂರದ ಗುಂಡಿಯಿಂದ ಬಂದ ಹಾಗಿರುತ್ತಿತ್ತು. ನಾನು ಆ ಊರಿನ ಬೀದಿಯಲ್ಲಿ ನಡೆಯುತ್ತಿದ್ದೆ. ಬೀದಿಯ ಕೊನೆಯಲ್ಲಿ ನಮ್ಮ ಬಿಲ್ಡಿಂಗಿನ ಲಿಫ್ಟ್ ಇರುತ್ತಿತ್ತು, ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಬಾವಿ. ಒಂದು ದಿನ ಅವಳು ನಿಲ್ಲಿಸಿ, "ಅಕ್ಕ, ಯಾರಿಗೆ ಹೂಂ ಅಂದ್ರಿ?" ಎಂದು ಕೇಳಿದಳು. ಪುಸ್ತಕದಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲವಂತೆ. ನನಗೆ ಮಾತ್ರ ಒಬ್ಬರು, ಹಗ್ಗ ಸಾಕಾಗುತ್ತದಾ ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತ್ತು.

ನಮ್ಮಿಬ್ಬರಿಗೆ ಒಂದೇ ಒಂದು ಜಗಳ. ಬಾವಿ ತೋಡಿದವನಿಗೆ, ನೀರು ಬಂತು ಎಂಬುದು ಕೊನೆಗೂ ಗೊತ್ತಾಗುತ್ತದೋ ಇಲ್ಲವೋ?

"ಗೊತ್ತಾಗಬಾರದು," ಎಂದು ನಾನು. "ಗೊತ್ತಾದರೆ ಕಾದಂಬರಿ ಸಪ್ಪೆಯಾಗ್ತದೆ. ಕಲೆ ಅಂದರೆ ಹಾಗೆಲ್ಲ ಕೈಗೆ ಕೊಡುವುದಲ್ಲ."

"ಸಪ್ಪೆಯಾದರೆ ಉಪ್ಪು ಹಾಕುವ. ಒಂದು ಜೀವ ಅಷ್ಟು ಅಗೆದಿದೆ ಅಕ್ಕ. ಅವನಿಗೆ ಗೊತ್ತಾಗಬೇಕು."

ಆರು ಕಥೆ ಮುಗಿಯುವಾಗ ಜೂನ್ ಕೊನೆ. ಒಂದು ಮಧ್ಯಾಹ್ನ ಅವಳು ಮೂರಕ್ಕೆ ಬರಲಿಲ್ಲ, ಮೂರೂವರೆಗೆ ಬಂದಳು. ಕೂರದೆ ಬಾಗಿಲಿಗೆ ಒರಗಿ ನಿಂತಳು.

"ಖಲಾಸ್ ಅಕ್ಕ. ಅಂಗಡಿ ಮುಚ್ತಾರಂತೆ. ನಮ್ಮ ಇಕಾಮಾ ಇನ್ನು ಹೊಸತು ಮಾಡುವುದಿಲ್ಲ ಅಂದ್ರು. ಎರಡು ವಾರ ಉಂಟು."

ಇಕಾಮಾ, ಎಂದರೆ ವಾಸದ ಪರವಾನಗಿ, ಇಲ್ಲದೆ ಈ ದೇಶದಲ್ಲಿ ಇರುವ ಹಾಗಿಲ್ಲ. ಅವಳ ಗಂಡ ಇಪ್ಪತ್ತೆರಡು ವರ್ಷ ಆ ಅಂಗಡಿಯಲ್ಲಿ ನಿಂತು ಬಟ್ಟೆ ಅಳೆದವರು. ಊರಿನಲ್ಲಿ ಕಟ್ಟಿಸಿದ ಮನೆಯಲ್ಲಿ ಅತ್ತೆ, ಮೈದುನಂದಿರು, ಅವರ ಹೆಂಡಂದಿರು, ಮಕ್ಕಳು. ಇವರಿಬ್ಬರೂ ಆ ಮನೆಯಲ್ಲಿ ರಜೆಯ ದಿನಗಳ ಹೊರತು ಇದ್ದವರೇ ಅಲ್ಲ. "ಅಲ್ಲಿ ನನ್ನದು ಅಂತ ಒಂದು ಮೂಲೆ ಕೂಡ ಇಲ್ಲ," ಎಂದಳು. "ನಾನು ಹೋಗಿ ಕಟ್ಟೆಯಲ್ಲಿ ನೀರು ಕೇಳುವುದು. ಕೊಡ ಇಲ್ಲದವಳು." ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು.

ನನಗೆ ಭಯವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವಳ ಬಗ್ಗೆ ಮರುಕ ಆಮೇಲೆ ಬಂತು, ಮೊದಲು ಬಂದದ್ದು ನನ್ನ ಭಯ. ಇವರು ಬಂದು ಊಟ ಮಾಡಿ ಫೋನು ಉಜ್ಜುತ್ತಾರೆ. ಮಗಳು 'ಓಕೆ ಅಮ್ಮಾ' ಎನ್ನುತ್ತಾಳೆ. ದಿನದಲ್ಲಿ ಆ ಒಂದು ಗಂಟೆ ಮಾತ್ರ ನಾನು ಯಾರದೋ ಅಮ್ಮ, ಯಾರದೋ ಹೆಂಡತಿ ಎಂಬುದು ಮರೆತುಹೋಗುತ್ತಿತ್ತು. ಅದು ಇನ್ನಿಲ್ಲ ಎನ್ನುವುದನ್ನು ಮೈ ಒಪ್ಪಲಿಲ್ಲ. ರಾತ್ರಿ ಬಾವಿಯವನ ಯೋಚನೆ ಬಂತು. ಅವನಿಗೆ ಗೊತ್ತಾಗಲಿ ದೇವರೇ ಎಂದುಕೊಂಡೆ. ಕಲೆ ಹಾಳಾದರೆ ಹಾಳಾಗಲಿ.

ಎರಡು ವಾರದಲ್ಲಿ ಏಳನೇ ಕಥೆ ಮುಗಿಸುವ ಎಂದು ಲೆಕ್ಕ ಹಾಕಿದ್ದೆವು. ಆಗಲಿಲ್ಲ. ಖಲಾಸ್, ಎಲ್ಲ ಮುಗಿಸಿ ಊರಿಗೆ ಹೋಗುವವರ ಮನೆ ಎಂದರೆ ಸಂತೆ. ಸೋಫಾ ನೋಡಲು ಬರುವವರು, ಮಂಚ ಅಳೆಯುವವರು, ಕುಕ್ಕರ್ ನನಗಿರಲಿ, ಪರದೆ ಇವಳಿಗಿರಲಿ ಎನ್ನುವವರು. ಹೊರಡುವ ಮುಂಚಿನ ದಿನ ಅರ್ಧ ಗಂಟೆ ಸಿಕ್ಕಿತು. ಅವಳ ಖಾಲಿ ಹಾಲಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಕೂತೆವು. ಪರದೆ ಇಲ್ಲದ ಕಿಟಕಿಯಿಂದ ಬಿಸಿಲು ನೇರ ಪುಟದ ಮೇಲೆ ಬೀಳುತ್ತಿತ್ತು. ಸಾಮಾನಿಲ್ಲದ ಕೋಣೆಯಲ್ಲಿ ನನ್ನ ಸ್ವರ ನನಗೇ ಮರುಧ್ವನಿಸಿತು.

ಏಳನೇ ಕಥೆಯ ಮೊದಲ ಪುಟ, ಮೇಲಿನರ್ಧ ನಾನು ಓದಿದೆ. ಒಬ್ಬ ಮುದುಕ ಊರ ಅಂಚಿಗೆ ಬರುತ್ತಾನೆ. ಹೆಗಲ ಮೇಲೆ ಗುದ್ದಲಿ ಇಲ್ಲ, ಗುದ್ದಲಿ ಹೊತ್ತ ಗಾಯದ ಗುರುತು ಇದೆ. ಈ ಊರನ್ನು ಎಲ್ಲೋ ನೋಡಿದ ಹಾಗಿದೆ ಎಂದು ನಿಲ್ಲುತ್ತಾನೆ. ತಲೆಯ ಮೇಲೆ ಏನೋ ಹೊತ್ತು ಬರುತ್ತಿದ್ದ ಹುಡುಗಿಯನ್ನು ತಡೆದು ಕೇಳುತ್ತಾನೆ: ಮಗಳೇ, ಈ ಊರಿನಲ್ಲಿ ಕುಡಿಯಲು ನೀರು ಸಿಗುತ್ತದೆಯೇ?

ಅಲ್ಲಿಗೆ ನನ್ನ ಅರ್ಧ ಮುಗಿಯಿತು. ಅವಳು ಉಸಿರೆಳೆದುಕೊಂಡು ಬಾಯಿ ತೆರೆದಳು. ಕಾಲಿಂಗ್ ಬೆಲ್ ಆಯಿತು. ಫ್ರಿಜ್ ಒಯ್ಯಲು ನಾಲ್ಕು ಜನ ಬಂದಿದ್ದರು. ಆಮೇಲೆ ಅವಳ ಗಂಡ, ಆಮೇಲೆ ಮಕ್ಕಳು, ಆಮೇಲೆ ಬಿಲ್ಡಿಂಗಿನ ಹೆಂಗಸರೆಲ್ಲ. ಪುಸ್ತಕ ಮುಚ್ಚಿಹೋಯಿತು.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಬಂದಾಗ ಅವಳು ಒಂದು ಪೆಟ್ಟಿಗೆ ತಂದು ನನ್ನ ಬಾಗಿಲಲ್ಲಿ ಇಟ್ಟಳು. "ಇದು ನಿಮಗೆ ಅಕ್ಕ. ಪುರುಸೊತ್ತಲ್ಲಿ ನೋಡಿ." ತಬ್ಬಿಕೊಂಡಳು. ಊರಿಗೆ ಹೋಗಿ ಹೊಸ ನಂಬರ್ ಕಳಿಸುತ್ತೇನೆ ಎಂದಳು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದೆ. ರೈಸ್ ಕುಕ್ಕರ್, ಕಾಯಿ ತುರಿಯುವ ಮಣೆ. ಅವುಗಳ ಮೇಲೆ, ಕೆಳಗಿನರ್ಧ.

ಬಿಟ್ಟು ಹೋಗಿದ್ದಾಳೆ. ಕುಕ್ಕರಿನ ಜೊತೆ, ತುರಿಮಣೆಯ ಜೊತೆ, ಊರಿನಲ್ಲಿ ಬೇಡವಾದ ಸಾಮಾನಿನ ಜೊತೆ. ನಾನು ಬಟ್ಟೆ ಮುಚ್ಚಿ ಪೆಟ್ಟಿಗೆಯನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅವಳ ಕುವೈತ್ ನಂಬರ್ ಸತ್ತಿತು. ನಾನು ಕಳಿಸಿದ ಮೆಸೇಜು ಒಂದೇ ಟಿಕ್‌ನಲ್ಲಿ ನಿಂತಿತು. ಹೊಸ ನಂಬರ್ ಬರಲಿಲ್ಲ. ಬಿಲ್ಡಿಂಗಿನ ಬೇರೆಯವರ ಬಳಿ ಕೇಳಬಹುದಿತ್ತು. ಜಂಬ ಬಿಡಬೇಕಲ್ಲ! ಬೇಕಿದ್ದರೆ ಅವಳೇ ಫೋನು ಮಾಡುತ್ತಾಳೆ ಎಂದು ಕೂತೆ. ಮೇಲಿನ ಫ್ಲ್ಯಾಟಿಗೆ ಯಾರೋ ಬಂದರು, ಅವರು ಸದ್ದೇ ಇಲ್ಲದ ಜನ. ಮೂರು ಗಂಟೆಗೆ ನನ್ನ ಸೀಲಿಂಗ್ ಸುಮ್ಮನಿರುತ್ತಿತ್ತು. ಎರಡೂ ಅರ್ಧ ಈಗ ನನ್ನ ಮನೆಯಲ್ಲೇ ಇವೆ, ಒಬ್ಬಳೇ ಕೂತು ಮುಗಿಸಬಹುದು ಎಂಬುದು ಗೊತ್ತಿತ್ತು. ಆದರೆ ಪೆಟ್ಟಿಗೆ ಎಳೆಯಲು ಕೈ ಹೋಗಲಿಲ್ಲ. ನನ್ನ ಅರ್ಧವನ್ನು ಮಾತ್ರ ತೆರೆದು, ಮುದುಕ ನೀರು ಕೇಳುವವರೆಗೆ ಓದಿ, ಕಣ್ಣು ಮುಚ್ಚುತ್ತಿದ್ದೆ. ನಿದ್ದೆಯಲ್ಲಿ ಆ ಹುಡುಗಿ ಏನೋ ಹೇಳುತ್ತಿದ್ದಳು. ಎ.ಸಿ.ಯ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಮುದುಕ ಮೂರು ವಾರ ಬಿಸಿಲಿನಲ್ಲಿ ನಿಂತೇ ಇದ್ದ.

ನಾಲ್ಕನೇ ವಾರ ನಮ್ಮ ರೈಸ್ ಕುಕ್ಕರ್ ಕೆಟ್ಟಿತು. ಮಗಳು ಮಂಚದಡಿಯಿಂದ ಪೆಟ್ಟಿಗೆ ಎಳೆದಳು. ಸ್ವಲ್ಪ ಹೊತ್ತಿಗೆ ಎರಡೂ ಅರ್ಧಗಳನ್ನು ಒಂದರ ಪಕ್ಕ ಒಂದು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ದೆ ಆರ್ ನಾಟ್ ಈಕ್ವಲ್. ಸೀ, ದಿಸ್ ಒನ್ ಈಸ್ ಥಿನ್ನರ್."

ಅವಳಿಗೆ ಓದಲು ಬರುವುದಿಲ್ಲ. ದಪ್ಪ ಮಾತ್ರ ನೋಡಿದ್ದಳು. ನಾನು ಒದ್ದೆ ಕೈಯಲ್ಲೇ 'ಕೆಳಗಿನರ್ಧ'ದ ಕೊನೆ ತೆರೆದೆ. ಏಳನೇ ಕಥೆ ಇರಲಿಲ್ಲ. ನೂರಿಪ್ಪತ್ತು ಪುಟ ಪೂರ್ತಿ, ಬೆನ್ನಿನ ದಾರವನ್ನು ನೂಲು ಕತ್ತರಿಸುವ ಕತ್ತರಿಯಿಂದ ನಾಜೂಕಾಗಿ ಬಿಡಿಸಿ ತೆಗೆದಿದ್ದಳು. ಉಳಿದ ಭಾಗ ಸಡಿಲವಾಗದಿರಲಿ ಎಂದು ಅದಕ್ಕೆ ಕೈಹೊಲಿಗೆ ಹಾಕಿದ್ದಳು.

ಓದಿ ಆದದ್ದನ್ನು ನನಗೆ ಬಿಟ್ಟಿದ್ದಳು. ಓದಬೇಕಾದದ್ದನ್ನು ಒಯ್ದಿದ್ದಳು. ನಾನು ಒಲೆಯ ಮುಂದೆ ನಿಂತು ಅಳುವುದನ್ನು ನೋಡಿ ಮಗಳು ಗಾಬರಿಯಿಂದ, "ಇಟ್ಸ್ ಜಸ್ಟ್ ಎ ಬುಕ್, ಅಮ್ಮಾ," ಎಂದಳು. ಹೌದು ಎಂದೆ.

ಅವತ್ತಿನಿಂದ ದಿನಾ ಮೂರಕ್ಕೆ ಜಮಖಾನೆ ಹಾಸಿ, ಮೇಲಿನರ್ಧವನ್ನೂ ಫೋನನ್ನೂ ಮುಂದಿಟ್ಟುಕೊಂಡು ಕೂತೆ. ಜಂಬ ಬಿಟ್ಟು ಎರಡನೇ ಮಹಡಿಯವರಲ್ಲಿ ನಂಬರನ್ನೂ ಕೇಳಿದೆ. ಅವರ ಬಳಿಯೂ ಇರಲಿಲ್ಲ. ಎಂಟು ದಿನ ಕಳೆಯಿತು. ಒಂಬತ್ತನೇ ದಿನ ಕೂತಲ್ಲೇ ತೂಕಡಿಸಿದ್ದೆ. ಫೋನು ಸದ್ದಾಯಿತು. ಊರಿನ ಕಡೆಯ ನಂಬರ್, ಯಾರದೆಂದು ಗೊತ್ತಿಲ್ಲ. ಎತ್ತಿ ಕಿವಿಗಿಟ್ಟೆ. ಆ ಕಡೆ ಗರಗರ ಎಂದು ಏನೋ ತಿರುಗುವ ಸದ್ದು. ಹಲೋ ಇಲ್ಲ, ಸಲಾಂ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. ಅವಳ ಸ್ವರ, ನಿಧಾನಕ್ಕೆ:

"'ಇದೆ ಅಜ್ಜ,' ಎಂದಳು ಹುಡುಗಿ. 'ಇಲ್ಲೊಂದು ಬಾವಿಯಿದೆ. ನನ್ನ ಅಜ್ಜಿ ಹುಟ್ಟುವ ಮೊದಲೇ ಯಾರೋ ಪುಣ್ಯಾತ್ಮ ತೋಡಿ ಹೋದದ್ದು. ಇವತ್ತಿನವರೆಗೆ ಬತ್ತಿಲ್ಲ. ಬನ್ನಿ, ತೋರಿಸುತ್ತೇನೆ.' ಮುದುಕನ ಕಾಲು ಏಳಲಿಲ್ಲ. ಅವನು ದಾರಿಯಲ್ಲೇ ಕೂತುಬಿಟ್ಟ."

ಆ ಅರ್ಧ ಪುಟವನ್ನು ಅವಳು ಕೊನೆಯವರೆಗೆ ಓದಿ ನಿಲ್ಲಿಸಿದಳು. ಗರಗರ ಸದ್ದು ಮಾತ್ರ ಉಳಿಯಿತು.

"ಎಲ್ಲಿ ಇದ್ದೀ ಮಾರಾಯ್ತಿ?" ಎಂದೆ.

"ಹಿತ್ತಿಲ ಶೆಡ್ಡಿನಲ್ಲಿ, ವಾಷಿಂಗ್ ಮಿಷನ್ ಹತ್ತಿರ. ಬೇರೆ ಎಲ್ಲಿಯೂ ಕೂತ್ಕೊಳ್ಳಲಿಕ್ಕೆ ಬಿಡುವುದಿಲ್ಲ ಅಕ್ಕ. ಹನ್ನೊಂದು ಜನರ ಬಟ್ಟೆ, ನಾನು ಒಗೀತೇನೆ ಅಂತ ಕೇಳಿ ತೆಗೊಂಡೆ. ಫೋನು ಇವತ್ತು ಕೈಗೆ ಬಂತು. ಇನ್ನು ದಿನಾ ಈ ಹೊತ್ತಿಗೆ ಮಿಷನ್ ಹಾಕ್ತೇನೆ."

"ನೀನು ಇದನ್ನು ಮೊದಲೇ ಓದಿದ್ಯಾ? ಇಷ್ಟು ದಿನ ನಿನ್ನ ಹತ್ತಿರ ಇತ್ತಲ್ಲ?"

"ಇಲ್ಲಪ್ಪ. ನೀವು ಕೇಳ್ಲಿಕ್ಕೆ ಇಲ್ಲದೆ ನನ್ನ ಸರದಿ ಹೇಗೆ ಓದುವುದು?" ಎಂದಳು. ಮತ್ತೆ, "ಅವನಿಗೆ ಗೊತ್ತಾಯ್ತು ಅಲ್ವಾ ಅಕ್ಕ?"

"ಗೊತ್ತಾಯ್ತು," ಎಂದೆ.

"ಹಾಗಾದರೆ ಯಲ್ಲಾ, ಶುರು ಮಾಡಿ. ಮೇಲಿನದ್ದು ನಿಮ್ಮದು. ಮಿಷನ್ ನಿಲ್ಲಲಿಕ್ಕೆ ಅರ್ಧ ಗಂಟೆ ಉಂಟು."

ನಾನು ಪುಟ ತಿರುಗಿಸಿದೆ. ಎರಡು ಸಾವಿರ ಮೈಲಿ ಆಚೆಗೆ ಅವಳೂ ತಿರುಗಿಸಿದ ಸದ್ದು ಫೋನಿನಲ್ಲಿ ಕೇಳಿಸಿತು. ಕಣ್ಣು ಒರೆಸಿಕೊಂಡು ಓದತೊಡಗಿದೆ.